ದೊರೆಗೆ ಹೇಳಿಕೊಟ್ಟ ಮಾತು

ದಾಯಾದಿಗಳ ಜಗಳವೆಂದರೆ ಮಹಾಭಾರತವೇ ಆಗಬೇಕೆಂದು ಯಾರು ಹೇಳಿದರು? ಜರ್ಮನಿಯ ರೇಗನ್ಸ್‌ಬರ್ಗಿನ ಕನ್ನಡ ಸಂಘಕ್ಕೆ ಬಾಳಪ್ಪ ಬರೆದುಕೊಟ್ಟ ನಾಟಕ ಇಂಗ್ಲೆಂಡಿನದು. ನೂರಾರು ವರ್ಷದ ಹಿಂದಿನ ಒಬ್ಬ ದೊರೆ, ಅವನ ಗಾದಿಯ ಮೇಲೆ ಕಣ್ಣಿಟ್ಟ ಚಿಕ್ಕಪ್ಪನ ಮಗ. ಕೋಟೆ ಲಂಡನ್ನಿನದಾದರೂ ಬೈಗುಳ ಮಾತ್ರ ಅಪ್ಪಟ ಬಾದಾಮಿ ಕಡೆಯದು. ದೊರೆಯ ಪಾತ್ರ ಒಪ್ಪಿಕೊಂಡು ಬಾಳಪ್ಪನೇ ವೀಳ್ಯ ಹಿಡಿದಿದ್ದ. ಕಾರಿನ ಬಿಡಿಭಾಗದ ಕಂಪನಿಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದವನಿಗೆ ಉಳಿದ ಹಿಗ್ಗು ಇದೊಂದೇ.

ಹೆಂಡತಿ ಅನ್ನಪೂರ್ಣವ್ವನ ಕೆಲಸ ಪರದೆಯ ಮರೆಯಲ್ಲಿ ನಿಂತು ಮಾತು ಹೇಳಿಕೊಡುವುದು. ಮದುವೆಯಾದಾಗಿನಿಂದಲೂ ಹಾಗೇ. ಅವಳು ಪಿಸುಗುಟ್ಟಿದ್ದನ್ನು ಬಾಳಪ್ಪ ಹಿಂದುಮುಂದು ನೋಡದೆ ಗುಡುಗುತ್ತಿದ್ದ. ಮೊದಲೆಲ್ಲ ಆಗೊಮ್ಮೆ ಈಗೊಮ್ಮೆ ತಡವರಿಸುತ್ತಿದ್ದವನಿಗೆ ಈ ವರ್ಷ ಮಾತುಮಾತಿಗೂ ಅವಳೇ ಬೇಕು. ಮರೆವಿನ ರೋಗ, ಇದು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ ಎಂದು ಡಾಕ್ಟರು ಚಳಿಗಾಲದಲ್ಲೇ ಹೇಳಿದ್ದರು. ಹಾಳಾದ ರೋಗ, ಬರುವುದೇ ಆದರೆ ಕಾಲಿಗೆ ಬರಬಾರದಿತ್ತೇ?

ಕಳೆದ ತಾಲೀಮಿನಲ್ಲಿ ಬಾಳಪ್ಪ ಖಡ್ಗ ಎತ್ತಿ ಹಾಗೇ ನಿಂತುಬಿಟ್ಟ. ಮುಂದೆ ಕೂತಿದ್ದ ಮಕ್ಕಳು ಜರ್ಮನ್‌ನಲ್ಲಿ ಏನೋ ಅಂದುಕೊಂಡು ಕಿಸಕ್ಕನೆ ನಕ್ಕವು. ಬಾಳಪ್ಪನೂ ಅವರ ಜೊತೆ ನಕ್ಕ. ಅನ್ನಪೂರ್ಣವ್ವ ಪರದೆಯ ಮರೆಯಿಂದ ಅದೇ ಮಾತನ್ನು ಮತ್ತೊಮ್ಮೆ ಹೇಳಿಕೊಟ್ಟಳು.

ದಾಯಾದಿಯ ಪಾತ್ರದ ಮಹೇಶಕುಮಾರ ಅವತ್ತು ಅವಳ ಬಳಿ ಬಂದ.

“ವೈನಿ, ಅಣ್ಣಾರಿಗೆ ಬಿಡ್ರಿ ಅನ್ನಾಕ ನಮಗ ಬಾಯಿ ಬರವಲ್ದು. ಆದ್ರ ಮಂದಿ ಮುಂದ ಹಿಂಗಾದ್ರ ಹೆಂಗ್ರೀ?”

“ವೀಳ್ಯ ಹಿಡದಾರಲ್ಲೋ ತಮ್ಮಾ. ಅವರಾಗೇ ಬಿಟ್ಟುಕೊಡಬೇಕು.”

“ಅದಕ್ಕ ನಿಮ್ಮ ಕಡೆ ಬಂದೀನ್ರಿ.”

ಊರ ಕಡೆಯ ಈ ರೂಢಿಯನ್ನು ಸಂಘದವರು ಇಲ್ಲಿಯೂ ಬಿಟ್ಟಿರಲಿಲ್ಲ. ವೀಳ್ಯ ಹಿಡಿದವನ ಪಾತ್ರವನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಅವನೇ ಎಲ್ಲರೆದುರು ಬಾಯಿಬಿಟ್ಟು ಹೇಳಿ ಇನ್ನೊಬ್ಬನ ಕೈಗೆ ಎಲೆಅಡಿಕೆ ಇಡಬೇಕು. ಅನ್ನಪೂರ್ಣವ್ವ ಮನೆಯಲ್ಲಿ ಮಾತು ತೆಗೆದು ನೋಡಿದಳು. “ನಾ ಸತ್ತ ಮ್ಯಾಲ ಯಾರರೆ ಮಾಡ್ಲಿ” ಎಂದು ಬಾಳಪ್ಪ ಅವಳ ಬಾಯಿ ಮುಚ್ಚಿಸಿದ.

ಕೊನೆಯ ತಾಲೀಮು ಭಾನುವಾರ ಮಧ್ಯಾಹ್ನ. ದೊರೆ ಗಾದಿ ಇಳಿಯುವ ದೃಶ್ಯ. ಎದುರಿಗೆ ಮಹೇಶಕುಮಾರ ಕೈಚಾಚಿ ನಿಂತಿದ್ದ. “ಈ ಕಿರೀಟ…” ಎಂದ ಬಾಳಪ್ಪ. ಮತ್ತೆ “ಈ ಕಿರೀಟ…” ಎಂದ. ಹಿಂದೆ ಯಾರೋ ನಕ್ಕರು. ಅವನು ಪರದೆಯ ಕಡೆ ಕಿವಿ ತಿರುಗಿಸಿದ.

ಮುಂದಿನ ಮಾತು ಅನ್ನಪೂರ್ಣವ್ವನಿಗೆ ಬಾಯಿಪಾಠವಿತ್ತು. ಅದನ್ನು ನುಂಗಿಕೊಂಡಳು.

“ಈ ಪಾತ್ರ ಇನ್ನ ನನ್ನಿಂದ ಆಗೂದಿಲ್ಲ” ಎಂದು ಪಿಸುಗುಟ್ಟಿದಳು. “ಮಹೇಶಕುಮಾರಗ ಬಿಟ್ಟುಕೊಡತೀನಿ.”

ಬಾಳಪ್ಪ ಪರದೆಯ ಸಂದಿಯಲ್ಲಿ ಒಮ್ಮೆ ಅವಳನ್ನು ನೋಡಿದ. ಆಮೇಲೆ ಎದೆ ಸೆಟೆಸಿ, ಸಭಾಂಗಣವೆಲ್ಲ ಕೇಳುವಂತೆ ಆ ಎರಡೂ ಮಾತನ್ನು ಹೇಳಿದ. ಕಿರೀಟ ತೆಗೆದ. ರಂಗಪೂಜೆಯ ತಟ್ಟೆಯಿಂದ ಎಲೆಅಡಿಕೆ ತಂದು ಮಹೇಶಕುಮಾರನ ಅಂಗೈಯಲ್ಲಿಟ್ಟ. ಅವನು ಅಳುತ್ತ ಬಾಳಪ್ಪನ ಕಾಲಿಗೆ ಬಿದ್ದ. ತಾಲೀಮಿಗೆ ಸೇರಿದ್ದ ಸಂಘದ ಜನ ಚಪ್ಪಾಳೆ ತಟ್ಟಿದರು. ಅನ್ನಪೂರ್ಣವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಪರದೆಯ ಹಿಂದೆಯೇ ಕುಸಿದಳು. ಹಗೆಯೂ ಮಾಡದ ಕೆಲಸವನ್ನು ತಾನು ಮಾಡಿದೆ ಎನ್ನಿಸಿತು.

ಮನೆಗೆ ಹೋಗುವ ಬಸ್ಸಿನಲ್ಲಿ ಬಾಳಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದ. ಅವಳಿಗೇ ತಡೆಯಲಾಗಲಿಲ್ಲ.

“ಸಿಟ್ಟ ಬಂದದೇನ್ರಿ?”

“ಆ ಮಾತು ನಾಟಕದಾಗಿಲ್ಲ” ಎಂದ ಬಾಳಪ್ಪ. “ಬರದಾಂವ ನಾನ. ನನಗ ಅಷ್ಟೂ ಗೊತ್ತಾಗೂದಿಲ್ಲೇನು?”

“ಮತ್ಯಾಕ ಅಂದ್ರಿ?”

“ನೀ ಹೇಳಿಕೊಟ್ಟಿ, ಅಂದೆ. ಇನ್ನ ಮ್ಯಾಲ ನೀ ಹೇಳಿಕೊಟ್ಟದ್ದಷ್ಟ ನನಗ ಉಳಿಯೂದು. ಅದನ್ನೂ ನಂಬಲಿಲ್ಲಂದ್ರ ಹೆಂಗ ಬದುಕೂದು?”

ಅನ್ನಪೂರ್ಣವ್ವ ಅವನ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವರ ಸ್ಟಾಪು ಬಂದು ಬಾಗಿಲು ತೆರೆಯಿತು. ಬಾಳಪ್ಪ ಏಳಲಿಲ್ಲ. ಇಳಿಯಬೇಕೋ ಬೇಡವೋ ಎಂದು ಅವಳ ಮುಖ ನೋಡುತ್ತ ಕೂತಿದ್ದ.