ಪ್ರಸಾದದ ದಿನದ ರಕ್ತ

ಉದಗೀರದ ಲ್ಯಾಬಿನಲ್ಲಿರುವ ಒಂಬೈನೂರು ಜನರ ರಕ್ತಕ್ಕೆ ಹೆಸರಿಲ್ಲ, ನಂಬರು ಮಾತ್ರ. ಆದರೂ ಗುರುವಾರ ಮಧ್ಯಾಹ್ನ ೨೧೪ರ ರಿಪೋರ್ಟು ಕೈಗೆ ಬಂದಾಗ ಅದು ತನ್ನ ಅಪ್ಪನದೆಂದು ಅಲ್ಲಿ ಕೆಲಸ ಮಾಡುವ ದೀಪಾಲಿಗೆ ತಿಳಿಯಿತು. ಎರಡು ಟ್ಯೂಬು ಇದ್ದದ್ದು ಆ ಒಂದೇ ನಂಬರಿಗೆ.

ಮೂರು ವರ್ಷದ ಹಿಂದಿನ ಮಾತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಮೊದಲೇ ಹಿಡಿಯುವ ರಕ್ತಪರೀಕ್ಷೆ ಕಂಡುಹಿಡಿಯಲು ಗಟ್ಟಿಮುಟ್ಟಾದವರ ರಕ್ತವೂ ಬೇಕಾಗಿತ್ತು. ನಿಲಂಗಾದ ಕಾಳಿನ ವ್ಯಾಪಾರಿ ಗುರುಲಿಂಗಪ್ಪ ಮಗಳ ಮಾತಿಗೆ ಕಟ್ಟುಬಿದ್ದು ಬಸ್ಸು ಹತ್ತಿ ಬಂದಿದ್ದ. ಖಾಲಿ ಹೊಟ್ಟೆಯಲ್ಲಿ ಬಾ ಎಂದು ನೂರು ಸಲ ಹೇಳಿದ್ದಳು. ಏನೂ ತಿಂದಿಲ್ಲವೆಂದು ಆಣೆ ಮಾಡಿ ರಕ್ತ ಕೊಟ್ಟ. ಆಮೇಲೆ ನೋಡಿದರೆ ಲಿಂಗಪೂಜೆ ಮುಗಿಸಿ ಬಾಳೆಹಣ್ಣು, ಸಕ್ಕರೆ ಹಾಕಿದ ಹಾಲು ತಗೊಂಡೇ ಬಂದಿದ್ದ! ಪ್ರಸಾದ ತಗೊಂಡರೆ ತಿಂದಹಾಗೆ ಹೇಗಾಗುತ್ತದೆ ಎಂದು ಅವಳ ಮೇಲೆಯೇ ಹರಿಹಾಯ್ದ. ದೀಪಾಲಿ ಆ ಟ್ಯೂಬಿಗೆ ಕೆಂಪು ಚೀಟಿ ಹಚ್ಚಿ ಪಕ್ಕಕ್ಕಿಟ್ಟಳು. ಪುಣ್ಯಾತ್ಮ ಗೊಣಗುತ್ತಲೇ ಮರುದಿನ ಮತ್ತೆ ಬಂದು ಕೊಟ್ಟ.

ಒಂದೂವರೆ ವರ್ಷಕ್ಕೆ ಕಾಮಾಲೆ ಕಾಣಿಸಿತು. ಅದೇ ಕ್ಯಾನ್ಸರು. ನಾಲ್ಕು ತಿಂಗಳಲ್ಲಿ ಹೊಲದಲ್ಲಿ ಮಣ್ಣು ಕೊಟ್ಟು ಬಂದರು.

ಪರೀಕ್ಷೆ ಈಗ ಒಂದು ಹಂತಕ್ಕೆ ಬಂದಿದೆ. ಹಳೆಯ ರಕ್ತದ ಮೇಲೆ ಮಾಡಿ ನೋಡುತ್ತಿದ್ದಾರೆ. ೨೧೪ರಲ್ಲಿ ರೋಗದ ಗುರುತು ಸ್ಪಷ್ಟವಾಗಿತ್ತು. ಲ್ಯಾಬಿನ ಸಾಹೇಬರು ಖುಷಿಯಾಗಿ ಪೇಢೆ ತರಿಸಿದರು. ದೀಪಾಲಿಯೂ ಒಂದು ತಿಂದಳು. ಏನೂ ಅನಿಸಲಿಲ್ಲ.

ಶನಿವಾರ ನಿಲಂಗಾದ ಬಸ್ಸಿನಲ್ಲಿ ಒಂದೇ ಯೋಚನೆ, ಅವ್ವನಿಗೆ ಹೇಳುವುದೋ ಬೇಡವೋ. ಅವ್ವ ಕುಸುಮಬಾಯಿ ಬಂದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು, ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ ಎಂದು. ಆ ಮಾತು ಹಿಡಿದುಕೊಂಡೇ ಬದುಕಿದ್ದಳು. ಅದನ್ನೂ ಕಸಿದುಕೊಳ್ಳಬೇಕೇ?

ರೊಟ್ಟಿ ಬಡಿಯುತ್ತ ಅವ್ವ ಕೆಲಸ ಹೇಗೆ ನಡೆದಿದೆ ಎಂದು ಕೇಳಿದಳು. ಸುಳ್ಳು ಬಾಯಿಗೆ ಬರಲಿಲ್ಲ. ರಿಪೋರ್ಟು ಓದಿದಂತೆ ದೀಪಾಲಿ ಎಲ್ಲ ಹೇಳಿದಳು. ಈ ಪರೀಕ್ಷೆ ಆಗಲೇ ಇದ್ದಿದ್ದರೆ ಗೊತ್ತಾಗುತ್ತಿತ್ತು ಎಂಬುದನ್ನೂ ಬಿಡಲಿಲ್ಲ.

ಹಂಚಿನ ಮೇಲೆ ರೊಟ್ಟಿ ಸೀದಿತು. ಕುಸುಮಬಾಯಿ ಅದನ್ನು ತೆಗೆದಿಟ್ಟಳು.

"ಅವರ ರಗತ ಇನ್ನಾ ಅದ ಏನ್ ಅಲ್ಲಿ?"

"ಪರೀಕ್ಷಾಕ್ಕ ಖರ್ಚಾತವ್ವಾ," ಎಂದಳು ದೀಪಾಲಿ. "ಮೊದಲನೇ ದಿನದ್ದು ಅದ. ಪ್ರಸಾದ ತಗೊಂಡು ಬಂದಿದ್ದನಲ್ಲ, ಅದು. ಕೆಲಸಕ್ಕ ಬರಂಗಿಲ್ಲಂತ ಯಾರೂ ಮುಟ್ಟಿಲ್ಲ."

ಕುಸುಮಬಾಯಿ ಹಿಟ್ಟಿನ ಕೈ ಒರೆಸಿಕೊಂಡಳು.

"ಬ್ಯಾಡ ಅಂದ್ರು ಅವತ್ತ. ನಾನ ಒತ್ತಾಯ ಮಾಡಿ ಪ್ರಸಾದ ಕೊಟ್ಟಿದ್ನಿ."

ಮಣ್ಣು ಕೊಟ್ಟ ದಿನವೂ ಅಳದಿದ್ದ ದೀಪಾಲಿ ಆಗ ಅತ್ತಳು.