ಕೇಳಿಸದೆ ಹೋದ ‘ಬು’

ನರಹರಿಗೆ ಚೀನೀ ಭಾಷೆ ಕಲಿಯುವ ಹುಚ್ಚು ಹತ್ತಿದ್ದು ಲಾಕ್‌ಡೌನಿನ ಮೊದಲ ವರ್ಷದಲ್ಲಿ. ಮೈಸೂರಿನಿಂದ ಕೌಲಾಲಂಪುರಕ್ಕೆ ಬಂದು ಒಂಬತ್ತು ವರ್ಷವಾಗಿದ್ದರೂ, ಮಾಂಟ್ ಕಿಯಾರಾದ ಮನೆಯಿಂದ ಸೈಬರ್‌ಜಯಾದ ಆಫೀಸಿಗೆ ಹೋಗಿ ಬರುವುದರಲ್ಲೇ ಅವನ ದಿನ ಮುಗಿಯುತ್ತಿತ್ತು. ಈಗ ಕಾರು ಬೇಸ್‌ಮೆಂಟಿನಲ್ಲಿ ಧೂಳು ಹಿಡಿಯುತ್ತಿತ್ತು, ದಿನಕ್ಕೆರಡು ಗಂಟೆ ಕೈಯಲ್ಲಿ ಉಳಿಯುತ್ತಿತ್ತು. ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿದ್ದ ಸ್ನೇಹಿತ, ಡಾಕ್ಟರ್ ಯಜ್ಞನಾರಾಯಣ, ಗೋ ಎಂಬ ಚೀನೀ ಟೀಚರ್ ವಿಷಯ ಹೇಳಿದ. ಚೀನೀ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾಗಿದ್ದ ಆಕೆ ಹೊರದೇಶದ ಉದ್ಯೋಗಸ್ಥರಿಗೆಂದೇ ಭಾನುವಾರ ಬೆಳಗ್ಗೆ ಆನ್‌ಲೈನ್ ತರಗತಿ ನಡೆಸುತ್ತಿದ್ದರು.

ಭಾಷೆಯ ಜೊತೆಗೆ ಟೀಚರ್ ನಡವಳಿಕೆಯನ್ನೂ ಕಲಿಸುತ್ತಿದ್ದರು. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಯಜಮಾನರು ‘ಯೋಚಿಸಿ ನೋಡೋಣ’ ಎಂದರೆ ಬಹುಮಟ್ಟಿಗೆ ಆಗುವುದಿಲ್ಲ ಎಂದೇ ತಿಳಿಯಬೇಕು. ನಾಲ್ಕು ಜನರೆದುರು ಯಾರ ತಪ್ಪನ್ನೂ ಎತ್ತಿ ಆಡಬಾರದು. ಮಾನಕ್ಕೆ ನಮ್ಮಲ್ಲಿ ‘ಮುಖ’ ಎಂದೇ ಹೇಳುತ್ತೇವೆ, ಹೋದ ಮುಖವನ್ನು ಮತ್ತೆ ತಂದುಕೊಡುವುದು ಕಷ್ಟ ಎನ್ನುತ್ತಿದ್ದರು. ನರಹರಿ ಎಲ್ಲವನ್ನೂ ಬರೆದುಕೊಂಡ. ತರಗತಿಯ ಏಳು ಜನರಲ್ಲಿ ಅವನ ಉಚ್ಚಾರಣೆಯೇ ಚೆನ್ನಾಗಿತ್ತು. ಅದು ಅವನಿಗೂ ಗೊತ್ತಿತ್ತು.

ಮಾರನೆಯ ವರ್ಷದ ಜೂನಿನಲ್ಲಿ ಆ ಮೀಟಿಂಗ್ ನಡೆಯಿತು. ಮೆಲಾಕಾದ ಒಂದು ಬಿಸ್ಕತ್ತು ಕಾರ್ಖಾನೆಗೆ ನರಹರಿಯ ತಂಡ ಗೋದಾಮಿನ ಸಾಫ್ಟ್‌ವೇರ್ ಹಾಕಿಕೊಟ್ಟಿತ್ತು. ಶುರುವಾದ ಎರಡೇ ವಾರಕ್ಕೆ ಲೆಕ್ಕವೆಲ್ಲ ಏರುಪೇರಾಗಿ, ಪೆನಾಂಗಿಗೆ ಹೋಗಬೇಕಾದ ಸರಕು ಇಪೋಗೆ ಹೋಯಿತು. ಹನ್ನೆರಡು ಜನ ಸೇರಿದ್ದ ವಿಡಿಯೋ ಕಾಲ್‌ನಲ್ಲಿ ಕಾರ್ಖಾನೆಯ ಯಜಮಾನ, ಎಪ್ಪತ್ತು ದಾಟಿದ ಓಂಗ್, ತಾಳ್ಮೆಗೆಟ್ಟು, ನರಹರಿ ಕಲಿಯುತ್ತಿದ್ದ ಮ್ಯಾಂಡರಿನ್ ಚೀನೀಗೆ ತಿರುಗಿದರು. ಗೋದಾಮಿನ ಮ್ಯಾನೇಜರ್ ಚೊಂಗ್ ತಮ್ಮ ಮನೆಯಿಂದ ಅದೇ ಭಾಷೆಯಲ್ಲಿ ಮೆಲ್ಲಗೆ ಉತ್ತರ ಕೊಟ್ಟರು. ನರಹರಿಯ ಲೈನ್ ಒಂದು ಕ್ಷಣ ತಡವರಿಸಿತು. ಆಮೇಲೆ ಅವನ ಕಿವಿಗೆ ಬಿದ್ದದ್ದು ‘ಶ ಥಾಮೆನ್ ದ ವೆನ್‌ಥಿ’. ಅಂದರೆ, ಅದು ಅವರ ತಪ್ಪು.

ನರಹರಿಗೆ ಮೈ ಉರಿಯಿತು. ಗೋದಾಮಿನ ಹಳೆಯ ದಾಸ್ತಾನಿನ ಪಟ್ಟಿಗಳು ಚೊಂಗ್ ಕಡೆಯಿಂದಲೇ ಹತ್ತು ದಿನ ತಡವಾಗಿ ಬಂದಿದ್ದವು. ಅದನ್ನು ಮುಚ್ಚಿಟ್ಟು ಈ ಮನುಷ್ಯ ತಪ್ಪನ್ನು ಸಾಫ್ಟ್‌ವೇರ್ ಹುಡುಗರ ತಲೆಗೆ ಕಟ್ಟುತ್ತಿದ್ದಾನೆ, ಅದೂ ತನಗೆ ಭಾಷೆ ಬರುವುದಿಲ್ಲ ಎಂದುಕೊಂಡು. ಮೈಕ್ ಒತ್ತಿ, ಆ ಭಾಷೆಯ ಏರಿಳಿತದ ಒಂದು ಸ್ವರವೂ ತಪ್ಪದಂತೆ, ಮ್ಯಾಂಡರಿನ್‌ನಲ್ಲೇ ಹೇಳಿದ: “ಮಿಸ್ಟರ್ ಚೊಂಗ್, ನೀವು ಸುಳ್ಳು ಹೇಳ್ತಿದ್ದೀರಿ.”

ಚೊಂಗ್ ಏನೋ ಹೇಳಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ಅವರ ವಿಡಿಯೋ ಆರಿತು. ಓಂಗ್ ಮಾತ್ರ ನಕ್ಕು, ನಿಮ್ಮ ಚೈನೀಸ್ ಬಹಳ ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಮೀಟಿಂಗ್ ಮುಗಿಸಿದರು.

ನರಹರಿ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಅಂದಿನ ಕಾಲ್‌ನಲ್ಲಿದ್ದ ಅವನ ಬಾಸ್ ಲೋಕೇಶನಿಗೆ ಮ್ಯಾಂಡರಿನ್ ಒಂದಕ್ಷರ ಬಾರದು. ಏನು ಹೇಳಿದೆ ಎಂದು ಕೇಳಿ ತಿಳಿದುಕೊಂಡು ಬೆನ್ನು ತಟ್ಟಿದ. ಬೆಂಗಳೂರಿನಿಂದ ಹೊಸದಾಗಿ ಸೇರಿದವರಿಗೆ ‘ಚೀನೀ ಗ್ರಾಹಕರೊಡನೆ ವ್ಯವಹಾರ’ ಎಂದು ಒಂದು ಗಂಟೆಯ ಪಾಠ ಮಾಡಿಸಿದ. ಅಲ್ಲಿ ನರಹರಿ ಈ ಪ್ರಸಂಗವನ್ನೇ ಉದಾಹರಣೆಯಾಗಿ ಹೇಳಿದ. ಭಾಷೆ ಗೊತ್ತಿದ್ದರೆ ನಮ್ಮನ್ನು ಯಾರೂ ಯಾಮಾರಿಸುವುದಕ್ಕೆ ಆಗುವುದಿಲ್ಲ ಎಂದ. ಮುಂದಿನ ಮೀಟಿಂಗುಗಳಲ್ಲಿ ಚೊಂಗ್ ವಿಡಿಯೋ ಹಾಕಲೇ ಇಲ್ಲ. ಕಾರ್ಖಾನೆಯವರೆಲ್ಲ ಅವನ ಎದುರು ಇಂಗ್ಲಿಷನ್ನೇ ಆಡತೊಡಗಿದರು. ಹೆದರಿದ್ದಾರೆ ಎಂದುಕೊಂಡ.

ಸೆಪ್ಟೆಂಬರಿನಲ್ಲಿ ಗೋ ಟೀಚರ್, ನಿಮ್ಮ ಕೆಲಸದಲ್ಲಿ ನಿಜವಾಗಿ ನಡೆದ ಒಂದು ಸಂಭಾಷಣೆ ತನ್ನಿ ಎಂದರು. ನರಹರಿ ಸಂಭ್ರಮದಿಂದ ಆ ಮೀಟಿಂಗಿನ ರೆಕಾರ್ಡಿಂಗ್ ಹುಡುಕಿ ತೆಗೆದ. ತಾನು ಹೇಳಿದ ಜಾಗಕ್ಕಿಂತ ಸ್ವಲ್ಪ ಹಿಂದಿನಿಂದ, ತರಗತಿಯೆದುರು ಹಾಕಿದ. ಅವನ ಮಾತು ಮುಗಿಯುತ್ತಿದ್ದಂತೆ ಟೀಚರ್, ನನ್ನ ಕಡೆ ಇಂದು ಲೈನ್ ಸರಿಯಿಲ್ಲ, ಕ್ಷಮಿಸಿ ಎಂದು ಅರ್ಧಕ್ಕೇ ತರಗತಿ ಮುಗಿಸಿದರು. ಹತ್ತು ನಿಮಿಷಕ್ಕೆ ಅವನೊಬ್ಬನಿಗೇ ಫೋನ್ ಬಂತು.

“ಇಯರ್‌ಫೋನ್ ಹಾಕಿಕೊಂಡು ಮತ್ತೊಮ್ಮೆ ಕೇಳಿ. ‘ಶ’ ಅನ್ನೋದಕ್ಕಿಂತ ಮುಂಚೆ ಏನಿದೆ?”

ಕೇಳಿದ. ‘ಬು’ ಎಂದಿತ್ತು. ‘ಅಲ್ಲ’ ಎನ್ನುವ ಪುಟ್ಟ ಮಾತು. ಅದು ಅವರ ತಪ್ಪಲ್ಲ ಎಂದಿದ್ದರು ಚೊಂಗ್. ಪಟ್ಟಿ ಕೊಡುವುದು ನಮ್ಮಿಂದಲೇ ತಡವಾಯಿತು ಎಂದು ಮುಂದುವರಿಸಿದ್ದರು. ಅಷ್ಟು ಹೊತ್ತಿಗೆ ಸಿಟ್ಟು ನೆತ್ತಿಗೇರಿದ್ದ ನರಹರಿಗೆ ಆ ಮಾತೂ ಕಿವಿಯೊಳಗೆ ಇಳಿದಿರಲಿಲ್ಲ.

“ಉಳಿದವರಿಗೆಲ್ಲ ಕೇಳಿಸಿತ್ತಾ?” ಎಂದ.

“ರೆಕಾರ್ಡಿಂಗ್‌ನಲ್ಲೇ ಇದೆಯಲ್ಲ. ನಿಮ್ಮ ಕಡೆ ಮಾತ್ರ ಲೈನ್ ಕತ್ತರಿಸಿದೆ.”

“ಹಾಗಾದ್ರೆ ಯಾರೂ ಯಾಕೆ ಹೇಳ್ಲಿಲ್ಲ?”

ಟೀಚರ್ ಹೇಳಿದರು: “ನಿಮ್ಮ ಮುಖ ಉಳಿಸೋದಕ್ಕೆ.”

ಫೋನ್ ಇಟ್ಟ ಮೇಲೆ ನರಹರಿ ಕುರ್ಚಿಯಿಂದ ಏಳಲಿಲ್ಲ. ಮೂರು ತಿಂಗಳು. ವಾರಕ್ಕೊಂದರಂತೆ ಅಷ್ಟು ಮೀಟಿಂಗುಗಳಲ್ಲಿ ತಾನು ಗತ್ತಿನಿಂದ ಮ್ಯಾಂಡರಿನ್ ಉದುರಿಸಿದ್ದು, ಅವರೆಲ್ಲ ನಗುಮೊಗದಿಂದ ಇಂಗ್ಲಿಷಿನಲ್ಲಿ ಉತ್ತರಿಸಿದ್ದು ಒಂದೊಂದಾಗಿ ನೆನಪಾಗಿ ಕಿವಿ ಸುಟ್ಟಿತು. ತನ್ನ ಪರವಾಗಿ ಯಜಮಾನರೆದುರು ತಪ್ಪೊಪ್ಪಿಕೊಂಡವನನ್ನೇ ಸುಳ್ಳುಗಾರ ಎಂದಿದ್ದ. ಅದನ್ನೇ ಹೊಸಬರಿಗೆ ಪಾಠವಾಗಿ ಹೇಳಿಕೊಟ್ಟಿದ್ದ.

ಹೆಂಡತಿ ವಾರಿಜಾಗೆ ಹೇಳಿದಾಗ, ಲೈನ್ ಸರಿಯಿರಲಿಲ್ಲ ಎಂಬುದನ್ನೇ ಎರಡೆರಡು ಸಲ ಹೇಳಿದ. ಅವಳು ಕೇಳಿಸಿಕೊಂಡು, “ಅವ್ರು ನಿಜವಾಗ್ಲೂ ಸುಳ್ಳೇ ಹೇಳಿದ್ರು ಅಂತಿಟ್ಕೊಳ್ಳಿ. ಅಷ್ಟು ಜನದ ಮುಂದೆ ಅನ್ನೋ ಮಾತಾ ಅದು?” ಎಂದಳು. ತಪ್ಪು ಕಿವಿಯದಷ್ಟೇ ಅಲ್ಲ ಎಂದು ಆಗ ಹೊಳೆಯಿತು.

ಎಲ್ಲರಿಗೂ ಕ್ಷಮಾಪಣೆಯ ಮೇಲ್ ಹಾಕಲು ಹೊರಟ. ಟೀಚರ್ ತಡೆದರು. ಮುಚ್ಚಿಹೋದ ಮಾತನ್ನು ಮತ್ತೆ ಹನ್ನೆರಡು ಜನರ ಮುಂದೆ ತೆರೆದರೆ ಹಗುರಾಗುವುದು ನಿಮ್ಮ ಮನಸ್ಸು, ಅವರದಲ್ಲ. ಎದುರು ಹೋಗಿ ನಿಂತು ಹೇಳಿ ಎಂದರು. ಆದರೆ ಲಾಕ್‌ಡೌನಿನಿಂದಾಗಿ ಕೌಲಾಲಂಪುರ ಬಿಟ್ಟು ಬೇರೆ ರಾಜ್ಯಕ್ಕೆ ಹೋಗುವಂತಿರಲಿಲ್ಲ. ಅಕ್ಟೋಬರಿನಲ್ಲಿ, ಎರಡು ಲಸಿಕೆ ಹಾಕಿಸಿಕೊಂಡವರಿಗೆ ದಾರಿ ಬಿಟ್ಟ ಮೊದಲ ಶನಿವಾರವೇ ನರಹರಿ ಮೆಲಾಕಾಗೆ ಹೊರಟ.

ಚೊಂಗ್ ಅವನನ್ನು ಕಾರ್ಖಾನೆಯ ಪಕ್ಕದ ಊಟದ ಅಂಗಡಿಗೆ ಕರೆದೊಯ್ದರು. ಪರದೆಯ ಮೇಲೆ ಕಂಡಿದ್ದಕ್ಕಿಂತ ಕುಳ್ಳಗಿನ ಆಳು, ಐವತ್ತೈದರ ಆಸುಪಾಸು. ನರಹರಿ ಮಾಂಸ ತಿನ್ನುವುದಿಲ್ಲವೆಂದು ಎಲ್ಲಿಂದಲೋ ತಿಳಿದುಕೊಂಡು ಬರೀ ತರಕಾರಿ ಹಾಕಿದ ನೂಡಲ್ಸ್ ಹೇಳಿದ್ದರು. ನರಹರಿ ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಶುರುಮಾಡುತ್ತಿದ್ದಂತೆ ಅವರು ಚಹಾ ಬಗ್ಗಿಸುತ್ತಾ, ಮಾತಿಗೊಂದು ‘ಲಾ’ ಸೇರಿಸುವ ಅಲ್ಲಿನ ಇಂಗ್ಲಿಷಿನಲ್ಲಿ, “ಲೈನ್ ಪ್ರಾಬ್ಲಮ್ ಲಾ. ಬಿಟ್ಟುಬಿಡಿ,” ಎಂದರು.

“ಬಿಡೋಕಾಗಲ್ಲ, ಮಿಸ್ಟರ್ ಚೊಂಗ್. ಲೈನ್ ಸರಿ ಇದ್ದಿದ್ರೂ ನಾನು ಹಾಗೆ ಅನ್ನಬಾರದಿತ್ತು.”

ಚೊಂಗ್ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸುತ್ತಾ ಕುಳಿತರು. “ಆಫೀಸಿನವರ ಮುಂದೆ ಅಂದಿದ್ದಕ್ಕೆ ನನಗೆ ಏನೂ ಅನಿಸಲಿಲ್ಲ,” ಎಂದರು. “ಅವತ್ತು ಅಮ್ಮ ನನ್ನ ಹಿಂದೇನೇ ಊಟಕ್ಕೆ ಕೂತಿದ್ರು. ಇಂಗ್ಲಿಷ್ ಬರಲ್ಲ ಅವರಿಗೆ. ನೀವು ಇಂಗ್ಲಿಷಿನಲ್ಲಿ ಬೈದಿದ್ರೆ ಗೊತ್ತೇ ಆಗ್ತಿರಲಿಲ್ಲ. ನಿನ್ನನ್ನು ಸುಳ್ಳುಗಾರ ಅಂದನಲ್ಲ, ಏನು ಮಾಡಿದೆ ನೀನು ಅಂತ ಕೇಳಿದ್ರು. ಏನೂ ಇಲ್ಲ ಅಂದೆ. ನಂಬಿದ್ರೋ ಇಲ್ಲವೋ.”

ನರಹರಿ ಚಾಪ್‌ಸ್ಟಿಕ್ ಕೆಳಗಿಟ್ಟ. ಇಷ್ಟು ದಿನ ಹೆಮ್ಮೆಪಟ್ಟಿದ್ದ ಆ ಉಚ್ಚಾರಣೆ, ಒಂದು ಸ್ವರವೂ ತಪ್ಪದ ಆ ಉಚ್ಚಾರಣೆ, ಆ ಮುದುಕಿಯ ಕಿವಿಗೆ ನೇರವಾಗಿ ಹೋಗಿತ್ತು. ಅಮ್ಮನನ್ನು ನೋಡಬಹುದೇ ಎಂದು ಕೇಳಿದ. ಚೊಂಗ್ ಬೇಡವೆಂದರು. ಊಟ ಮುಗಿದು ಎದ್ದಮೇಲೆ ಅವರೇ, ಮನೆ ಹತ್ತಿರವೇ ಇದೆ ಎಂದರು.

ಮುದುಕಿ ಜಗುಲಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕುಳಿತಿದ್ದಳು. ನರಹರಿ ಗೇಟಿನ ಒಳಗೆ, ದೂರದಲ್ಲೇ ನಿಂತು, ಮಾಸ್ಕಿನೊಳಗಿನಿಂದ ಮ್ಯಾಂಡರಿನ್‌ನಲ್ಲಿ ಹೇಳಿದ: ಅವತ್ತು ನಾನು ತಪ್ಪಾಗಿ ಕೇಳಿಸಿಕೊಂಡೆ, ನಿಮ್ಮ ಮಗ ಸುಳ್ಳು ಹೇಳಿರಲಿಲ್ಲ. ಅವಸರದಲ್ಲಿ ಸ್ವರಗಳೆಲ್ಲ ಹಾಳಾದವು. ಅವಳಿಗೆ ಅರ್ಥವಾಗಲಿಲ್ಲ; ಕಿವಿಯ ಹಿಂದೆ ಕೈಯಿಟ್ಟಳು. ಇನ್ನೊಮ್ಮೆ ಹೇಳಿದ. ಆಗಲೂ ಮಗನ ಮುಖ ನೋಡಿದಳು. ಚೊಂಗ್ ನೆರವಿಗೆ ಬರಲಿಲ್ಲ, ಚಪ್ಪಲಿಯ ತುದಿಯನ್ನೇ ನೋಡುತ್ತಾ ನಿಂತಿದ್ದರು. ಪಕ್ಕದ ಮನೆಯ ಹೆಂಗಸು ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ಇತ್ತ ನೋಡಿದಳು. ಮೂರನೆಯ ಸಲ ನರಹರಿ ಒಂದೊಂದೇ ಮಾತನ್ನು ಬಿಡಿಸಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

ಮುದುಕಿ ನಿಧಾನವಾಗಿ ತಲೆಯಾಡಿಸಿದಳು. ಮಗನ ಕಡೆ ತಿರುಗಿ, ಮ್ಯಾಂಡರಿನ್ ಅಲ್ಲದ ತಮ್ಮ ಮನೆಮಾತಿನಲ್ಲಿ ಏನೋ ಅಂದಳು. ನರಹರಿಗೆ ಒಂದಕ್ಷರವೂ ತಿಳಿಯಲಿಲ್ಲ. ತಿಳಿದಂತೆ ನಟಿಸಲೂ ಇಲ್ಲ.

“ಬಿಸಿಲಲ್ಲಿ ಯಾಕೆ ನಿಲ್ಲಿಸಿದ್ದೀಯ, ಕೂರೋಕೆ ಹೇಳು ಅಂತಿದ್ದಾರೆ,” ಎಂದು ಚೊಂಗ್ ಒಳಗಿನಿಂದ ಇನ್ನೊಂದು ಕುರ್ಚಿ ತಂದು ಹಾಕಿದರು.

ನರಹರಿ ಕುಳಿತ. ತಲೆಯೆತ್ತಿ ಆಕೆಯನ್ನು ನೋಡುವುದು ಅವನಿಂದ ಆಗಲಿಲ್ಲ.