ಗುಂಡುಕಲ್ಲಿಗೆ ಎರೆದ ತನು

ನಮ್ಮ ಸೊಸೈಟಿಯ ಮೂಲೆಯಲ್ಲಿ, ಅತ್ತಿಮರದ ಬುಡದಲ್ಲಿ, ಮೂರು ವರ್ಷ ಪೂಜೆ ಮಾಡಿಸಿಕೊಂಡ ನಾಗ ಬೇರೇನೂ ಅಲ್ಲ, ನನ್ನ ರುಬ್ಬುವ ಕಲ್ಲಿನ ಗುಂಡು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ನನ್ನನ್ನು ನಾಸ್ತಿಕಳು ಅನ್ನುತ್ತೀರಿ. ಡೊಂಬಿವಲಿ ಪೂರ್ವದ ನಮ್ಮ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಎಲ್ಲರೂ ಆ ಮೂಲೆಗೆ ಬಂದಾಗ ಚಪ್ಪಲಿ ಕಳಚಿ ಕೈಮುಗಿಯುವರು. ನಾನೊಬ್ಬಳು ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ಸೀದಾ ದಾಟಿ ಹೋಗುತ್ತಿದ್ದೆ. ವಿಮಲಕ್ಕನಿಗೆ ಜಂಬ ಎಂದರು. ಅನ್ನಲಿ. ಮದುವೆಯಾದಂದಿನಿಂದ ಉದ್ದು ರುಬ್ಬಿದ ಕಲ್ಲದು. ಅದರ ಮುಂದೆ ಕೈಮುಗಿಯೋಣವೆಂದರೆ ಕೈ ಏಳಬೇಕಲ್ಲ?

ಈ ಘನಕಾರ್ಯ ಮಾಡಿದವರು ನನ್ನ ಯಜಮಾನರು, ಲೀಲಾಧರ. ಕಲ್ಯಾಣದ ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಆಯುಷ್ಯ ಕಳೆದು ನಿವೃತ್ತರಾದವರು. ಮಾತು ಕಡಿಮೆ, ತಲೆ ಮಾತ್ರ ನಿಲ್ಲುವುದಿಲ್ಲ. ಮಳೆ ಬಂದರೆ ಬೇರೆಯವರ ಗಂಡಂದಿರು ಬಿಸಿ ಭಜಿ ಕೇಳುತ್ತಾರೆ. ಇವರು ಕೊಡೆ ಹಿಡಿದು ಕಾಂಪೌಂಡಿಗಿಳಿದು, ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡುತ್ತ ನಿಲ್ಲುತ್ತಾರೆ.

ಸುಮ್ಮನೆ ಹಿಡಿದ ಹುಚ್ಚಲ್ಲ ಅದು. ನಮ್ಮದು ನೆಲ ಅಂತಸ್ತಿನ ಮನೆ. ಎರಡು ಸಾವಿರದ ಐದರ ಜುಲೈಯಲ್ಲಿ ಆ ಮಳೆ ಬಂದಾಗ ನೀರು ನಮ್ಮ ಹೊಸ್ತಿಲು ದಾಟಿ, ಮಂಚ ದಾಟಿ, ಗ್ಯಾಸ್ ಒಲೆಯವರೆಗೆ ಏರಿತ್ತು. ಮಗಳು ನಿಶ್ಮಿತಾಳ ಶಾಲೆಯ ಪುಸ್ತಕಗಳೆಲ್ಲ ಗಂಜಿಯಾದವು. ಆಮೇಲೆ ಸೊಸೈಟಿಗೆ ಬುದ್ಧಿ ಬಂತು, ಆದರೆ ತಲೆಕೆಳಗಾಗಿ ಬಂತು. ಕೆಸರೇ ಬೇಡ ಎಂದು ಇಡೀ ಕಾಂಪೌಂಡಿಗೆ ಸಿಮೆಂಟು ಮೆತ್ತಿ ಪೇವರ್ ಬ್ಲಾಕ್ ಹಾಸಿದರು. ನೋಡಲು ಚಂದ. ಆದರೆ ಮೊದಲು ದೊಡ್ಡ ಮಳೆಗೆ ಬರುತ್ತಿದ್ದ ನೀರು ಈಗ ಸಣ್ಣ ಮಳೆಗೂ ನಮ್ಮ ಬಾಗಿಲಿಗೆ ಬರತೊಡಗಿತು.

ಬ್ಲಾಕ್ ಹಾಸದೆ ಉಳಿದದ್ದು ಒಂದೇ ಮೂಲೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಫಂಡ್ ಮುಗಿದಿತ್ತು. ಬಿಲ್ಡರ್ ಮಣ್ಣು ತುಂಬದೆ ಬಿಟ್ಟ ತಗ್ಗು, ಅದರಲ್ಲೊಂದು ಅತ್ತಿಮರ, ಸುತ್ತ ಕಾಡುಗಿಡ. ಎಷ್ಟು ಮಳೆ ಹೊಡೆದರೂ ಅಲ್ಲಿ ಕೆರೆಯಾಗುವ ನೀರು ಮಳೆ ನಿಂತ ಸ್ವಲ್ಪ ಹೊತ್ತಿನಲ್ಲಿ ಮಾಯವಾಗುತ್ತಿತ್ತು. ಕೊಡೆ ಹಿಡಿದು ನಿಂತವರಿಗೆ ಇದು ಗೊತ್ತಾಗಿತ್ತು. ಈ ಕಟ್ಟಡ ಮುಳುಗದೆ ಉಳಿಯಬೇಕಾದರೆ ಆ ಮೂಲೆ ಉಳಿಯಬೇಕು, ಸಾಧ್ಯವಾದರೆ ಅಂಥದ್ದು ಇನ್ನೂ ನಾಲ್ಕು ಬೇಕು ಎಂದು ಇವರು ಕಮಿಟಿಗೆ ಹೋಗಿ ಹೇಳಿದರು. ಕಮಿಟಿಯವರು ಚಹಾ ಕೊಟ್ಟು ಕಳಿಸಿದರು. ಮರುವರ್ಷ ಅದೇ ಮೂಲೆಯಲ್ಲಿ ಮರ ಕಡಿದು ಕಾರು ನಿಲ್ಲಿಸಲು ಜಾಗ ಮಾಡುವುದೆಂದು ನಿರ್ಣಯವಾಯಿತು.

ನಿರ್ಣಯ ಮಾಡಿದವರು ನಮ್ಮ ಚೇರ್ಮನ್ ಗುಣಪಾಲ ಹೆಗ್ಡೆಯವರು. ಕಾರ್ಕಳದ ಕಡೆಯವರು, ಸ್ಟೇಷನ್ ಹತ್ತಿರ ಸ್ವಂತ ಹೋಟೆಲು, ದೊಡ್ಡ ಸ್ವರ, ದೊಡ್ಡ ಮನಸ್ಸು. ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಬರುವವರು ಅವರೇ. ಅವರ ಹತ್ತಿರ ನೀರು ಇಂಗುವ ವಿಷಯ ಮಾತಾಡುವುದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಆದರೆ ನಾಗ ಅಂದರೆ ಸಾಕು, ಸ್ವರ ತಗ್ಗುತ್ತದೆ. ನಮ್ಮ ಕರಾವಳಿಯವರೆಲ್ಲ ಹಾಗೇ. ಕೋರ್ಟಿಗೆ ಹೆದರದವರು ನಾಗಬನದ ಒಂದು ಎಲೆ ಕೀಳಲು ಹೆದರುತ್ತಾರೆ.

ನಮ್ಮವರು ಹೂಡಿದ ಲೆಕ್ಕಾಚಾರ ಇಷ್ಟೇ. ಒಂದು ಬೆಳಿಗ್ಗೆ ನಾನು ಕಡುಬಿನ ಹಿಟ್ಟಿಗೆಂದು ಗುಂಡು ಹುಡುಕಿದರೆ ಗುಂಡಿಲ್ಲ. ಹಬ್ಬಕ್ಕೆ ಮಾತ್ರ ಕಲ್ಲಿನಲ್ಲಿ ರುಬ್ಬುವುದು ನನ್ನ ರೂಢಿ, ಉಳಿದ ದಿನ ಮಿಕ್ಸಿ. ಗ್ಯಾಲರಿಗೆ ಬಂದು ನೋಡಿದರೆ ಅತ್ತಿಮರದ ಬುಡದಲ್ಲಿ ಜನ. ಹಿಡಿಯುವ ಕತ್ತಿನ ಕಡೆ ಮಣ್ಣಿನೊಳಗೆ ಹೂತು, ನುಣುಪಾದ ಹೊಟ್ಟೆ ಮೇಲಾಗಿ, ಅರಸಿನ ಬಳಿದುಕೊಂಡು, ಹಿಂಗಾರದ ಹೂ ಮುಡಿದು ಕೂತಿತ್ತು ನನ್ನ ಗುಂಡು. ನಮ್ಮವರು ಜನರ ಹಿಂದೆ ಏನೂ ತಿಳಿಯದವರ ಹಾಗೆ ನಿಂತಿದ್ದರು.

ಅವರು ಒಂದು ಸುಳ್ಳೂ ಹೇಳಲಿಲ್ಲ ಎನ್ನುವುದು ನಿಜ. ಬೇಕಾದ ಸುಳ್ಳನ್ನೆಲ್ಲ ಬೇರೆಯವರೇ ಹೇಳಿಕೊಂಡರು. ಹೆಡೆಯೇ ಇಲ್ಲವಲ್ಲ ಎಂದು ಯಾರೋ ಕೇಳಿದಾಗ, ಮೂಲನಾಗ ಹೀಗೇ ಇರುವುದು, ಹೆಡೆ ಕೆತ್ತಿದ್ದೆಲ್ಲ ಆಮೇಲಿನದು ಎಂದು ಹೆಗ್ಡೆಯವರೇ ವಿವರಿಸಿದರು. ಪಾರ್ಕಿಂಗಿನ ನಿರ್ಣಯ ಅಂದೇ ಸತ್ತಿತು.

ಆಮೇಲಿನ ಮೂರು ಮಳೆಗಾಲ ನಾನು ಗಂಡನನ್ನು ಬೈಯುತ್ತಲೇ ಸುಖವಾಗಿದ್ದೆ. ಬನ ಎಂದ ಮೇಲೆ ಅಲ್ಲಿಯ ಎಲೆ ಗುಡಿಸುವ ಹಾಗಿಲ್ಲ, ಗಿಡ ಕಡಿಯುವ ಹಾಗಿಲ್ಲ. ಗುಡಿಸುವವಳು ಆ ಕಡೆ ಕಸಬರಿಕೆ ಒಯ್ಯುವುದನ್ನೇ ಬಿಟ್ಟಳು. ಬಿದ್ದ ಎಲೆ ಕೊಳೆತು ಮಣ್ಣು ಮೆತ್ತಗಾಯಿತು, ಎರೆಹುಳು ಬಂತು, ಮೊದಲಿಗಿಂತ ಬೇಗ ನೀರು ಇಳಿಯತೊಡಗಿತು. ಮೇ ತಿಂಗಳ ಉರಿಯಲ್ಲಿ ಮೇಲಿನ ಮನೆಯ ಹೆಂಗಸರೂ ಗಾಳಿಗೆಂದು ಅಲ್ಲಿ ಬಂದು ನಿಲ್ಲುವರು. ಮುಖ್ಯವಾಗಿ, ನಮ್ಮ ಹೊಸ್ತಿಲಿಗೆ ನೀರು ಬರಲಿಲ್ಲ. ಪಂಚಮಿಯ ದಿನ ಹೆಗ್ಡೆಯವರು ಹಾಲು, ಎಳನೀರು ತಂದು ಊರಿನ ಕ್ರಮದಂತೆ ತನು ಎರೆಯುವರು. ಮರಾಠಿಯವರು, ಗುಜರಾತಿಯವರು ಅವರ ಹಿಂದೆ ಸಾಲು ನಿಲ್ಲುವರು. ನೋಡುವವರ ಕಣ್ಣಿಗಾದರೂ ಒಮ್ಮೆ ಕೈಮುಗಿ ಎಂದು ನಮ್ಮವರು ಬೇಡಿಕೊಂಡರು. ಮೊದಲು ನನ್ನ ಗುಂಡು ಕೊಡಿ, ಆಮೇಲೆ ನೋಡುವ ಎಂದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಮೂರನೆಯ ವರ್ಷ ಹಾಗಾಯಿತು. ಹೆಗ್ಡೆಯವರು ರಬಾಳೆಯ ಕಾರ್ಖಾನೆಗಳ ನಡುವೆ ಇನ್ನೊಂದು ಹೋಟೆಲು ತೆರೆದರು. ಮೊದಲ ದಿನದಿಂದಲೇ ಜನ ಮುಗಿಬಿದ್ದರು. ಎಲ್ಲ ನಾಗನ ದಯೆ ಎಂದು ನಿಶ್ಚಯಿಸಿ ಹೆಗ್ಡೆಯವರು ಘೋಷಿಸಿಯೇಬಿಟ್ಟರು. ಆ ಮೂಲೆಯ ಗಿಡಗಂಟಿ ತೆಗೆದು, ತಗ್ಗು ತುಂಬಿಸಿ, ಪೂರ್ತಿ ಕರಿ ಗ್ರಾನೈಟ್ ಹಾಸಿ, ಸುತ್ತ ಕಟ್ಟೆ ಕಟ್ಟಿ, ಮೇಲೆ ಮಾಡು ಹಾಕಿಸುವುದು. ಖರ್ಚೆಲ್ಲ ಅವರದೇ. ಪುಕ್ಕಟೆ ಬಂದ ಪುಣ್ಯವನ್ನು ಬೇಡ ಅನ್ನುವ ಸೊಸೈಟಿ ಎಲ್ಲಿದೆ?

ಕಾರು ನಿಲ್ಲಿಸಲು ಬಂದವರನ್ನು ದೇವರ ಹೆಸರಲ್ಲಿ ಓಡಿಸಬಹುದು. ದೇವರಿಗೇ ಗ್ರಾನೈಟ್ ಹಾಕಲು ಬಂದವರನ್ನು ಯಾರ ಹೆಸರಲ್ಲಿ ಓಡಿಸುವುದು? ನಾಗನಿಗೆ ಮಣ್ಣೇ ಒಳ್ಳೆಯದಲ್ಲವೇ ಎಂದು ನಮ್ಮವರು ಮೆಲ್ಲಗೆ ಕೇಳಿ ನೋಡಿದರು. ಊರಿನ ನಮ್ಮ ಬನಕ್ಕೂ ಗ್ರಾನೈಟ್ ಹಾಕಿಸಿದ್ದೇನೆ, ನಾಗ ಬೇಡ ಅಂದನಾ ಎಂದು ಹೆಗ್ಡೆಯವರು ನಕ್ಕರು. ಮನೆಗೆ ಬಂದ ನಮ್ಮವರ ಮುಖದಲ್ಲಿ ರಕ್ತವಿರಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ನನಗೆ ಕನಿಕರವಾಯಿತು. ಸಿಟ್ಟೂ ಬಂತು. ಕಲ್ಲು ನನ್ನದು, ಹೊಸ್ತಿಲು ನನ್ನದು, ನೀರು ಬಂದರೆ ಬಕೆಟಿನಲ್ಲಿ ಎತ್ತಿ ಹಾಕುವ ಸೊಂಟವೂ ನನ್ನದು. ಬಾಯಿ ಮಾತ್ರ ಯಾಕೆ ಮುಚ್ಚಿಕೊಂಡಿರಬೇಕು?

ನಾಳೆ ಮೀಟಿಂಗಿನಲ್ಲಿ ನಾನೇ ಹೇಳುತ್ತೇನೆ ಎಂದೆ. ನಮ್ಮವರು ಕೈಹಿಡಿದುಕೊಂಡರು.

"ಬೇಡ ವಿಮಲಾ. ಕಲ್ಲು ಸುಳ್ಳು ಅಂತ ಗೊತ್ತಾದ್ರೆ ಮರವೂ ಹೋಗ್ತದೆ, ಮರ್ಯಾದೆಯೂ ಹೋಗ್ತದೆ."

ನಾನು ಎದ್ದು ಉದ್ದು ನೆನೆಹಾಕಲು ಹೋದೆ.

ಜೂನ್ ಮೊದಲ ಭಾನುವಾರ. ಮಳೆ ಇನ್ನೂ ಬಂದಿರಲಿಲ್ಲ. ಮೀಟಿಂಗಿಗೆ ಕಾಂಪೌಂಡಿನಲ್ಲಿ, ನಮ್ಮ ಗ್ಯಾಲರಿಯ ಮುಂದೆಯೇ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಗ್ರಾನೈಟಿನ ಒಂದು ತುಂಡನ್ನು ಹೆಗ್ಡೆಯವರು ಕೈಯಿಂದ ಕೈಗೆ ದಾಟಿಸಿದರು. ಎಲ್ಲರೂ ಅದರಲ್ಲಿ ಮುಖ ನೋಡಿಕೊಂಡರು. ನನ್ನ ಕೈಗೆ ಬಂದಾಗ ನಾನು ಎದ್ದು ನಿಂತು ಅದನ್ನು ಕುರ್ಚಿಯ ಮೇಲಿಟ್ಟೆ.

"ಹೆಗ್ಡೆಯವರೇ, ಆ ಕಲ್ಲು ನನ್ನದು."

"ಎಲ್ಲರದ್ದೂ ಹೌದು ವಿಮಲಕ್ಕ," ಎಂದು ಅವರು ಪ್ರೀತಿಯಿಂದ ನಕ್ಕರು. ಕೊನೆಗೂ ನನಗೆ ಭಕ್ತಿ ಬಂತು ಎಂದುಕೊಂಡಿರಬೇಕು.

ನಾನು ಮರದ ಬುಡಕ್ಕೆ ಹೋಗಿ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಕಿತ್ತೆ. ಹಿಂದೆ ಹೆಂಗಸರು ರಾಮ ರಾಮ ಎಂದರು. ನಳ್ಳಿಯ ಕೆಳಗೆ ಅರಸಿನ ತೊಳೆದೆ. ನಮ್ಮ ಗ್ಯಾಲರಿಯ ಹೊರಗೆ ರುಬ್ಬುವ ಕಲ್ಲಿನ ಒರಳು ಇತ್ತು. ಗುಂಡು ಹೋದಂದಿನಿಂದ ಅದರ ಕುಳಿಯ ಮೇಲೆ ತುಳಸಿಯ ಕುಂಡ ಕೂತಿತ್ತು. ಕೈಯಲ್ಲಿ ಭಾರದ ಗುಂಡು ಹಿಡಿದು ಕುಂಡವನ್ನು ಹೇಗೆ ಎತ್ತುವುದೆಂದು ನಾನು ನೋಡುತ್ತಿದ್ದಾಗ ನಮ್ಮವರು ಕುರ್ಚಿಯಿಂದ ಎದ್ದು ಬಂದರು. ಕುಂಡವನ್ನು ಎತ್ತಿ ಪಕ್ಕದಲ್ಲಿಟ್ಟು, ಒರಳಿಗೆ ನೀರು ಹೊಯ್ದು ತೊಳೆದು, ಒಳಗಿಂದ ಉದ್ದಿನ ಪಾತ್ರೆ ತಂದುಕೊಟ್ಟು ನನ್ನ ಪಕ್ಕದಲ್ಲೇ ನಿಂತರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ.

ಗುಂಡು ಕುಳಿಯಲ್ಲಿ ಸರಿಯಾಗಿ ಕೂತಿತು. ಉದ್ದು ಹಾಕಿ ನಾಲ್ಕು ಸುತ್ತು ತಿರುಗಿಸಿದೆ. ನೊರೆ ಎದ್ದಿತು. ಹೋಟೆಲಿನವರಿಗೆ ಇನ್ನೇನು ವಿವರಿಸುವುದು? ಹೆಗ್ಡೆಯವರ ಮುಖ ಕೆಂಪಾಯಿತು.

"ಮೂರು ವರ್ಷ ನನ್ನ ಕೈಯಿಂದ ಗುಂಡುಕಲ್ಲಿಗೆ ತನು ಎರೆಸಿದ್ರಾ ಲೀಲಾಧರಣ್ಣ?"

ನಮ್ಮವರು ತಲೆತಗ್ಗಿಸಿದರು. ಸೆಕ್ರೆಟರಿ ಪಾಟಣಕರ್ ಹೊಸ ಕಾರು ಕೊಂಡಿದ್ದರು. ಅವಕಾಶ ಬಿಡಲಿಲ್ಲ. "ಮಗ್ ಪಾರ್ಕಿಂಗಚ್ ಕರೂಯಾ," ಎಂದರು. ಹಾಗಾದರೆ ಪಾರ್ಕಿಂಗೇ ಮಾಡೋಣ ಎಂದು. ಕೆಲವರು ತಲೆ ಆಡಿಸಿದರು.

ನಾನು ಪಾಟಣಕರ್ ಅವರಿಗೆ ನನಗೆ ಬರುವ ಮರಾಠಿಯಲ್ಲೇ ಕೇಳಿದೆ. ಮಹಾಮಳೆಯ ವರ್ಷ ನೀರು ನುಗ್ಗಿದ್ದು ನಮ್ಮ ಮನೆಗೆ ಮಾತ್ರವಾ? ನಮ್ಮ ಗೋಡೆಯಾಚೆಯೇ ಇರುವ ಪಂಪ್ ಮುಳುಗಲಿಲ್ಲವಾ? ನಾಲ್ಕನೆಯ ಮಾಳಿಗೆಯ ನಿಮ್ಮ ನಳ್ಳಿ ವಾರಗಟ್ಟಲೆ ಒಣಗಿರಲಿಲ್ಲವಾ, ನಿಮ್ಮ ಹೆಂಡತಿ ಟ್ಯಾಂಕರಿನ ನೀರು ಹೊತ್ತು ಮೆಟ್ಟಿಲು ಹತ್ತಲಿಲ್ಲವಾ? ಬ್ಲಾಕ್ ಹಾಸಿದ ಮೇಲೂ ವರ್ಷಕ್ಕೊಮ್ಮೆ ಪಂಪ್ ಕೆಡುತ್ತಿತ್ತು. ಆ ಮೂಲೆಗೆ ಯಾರೂ ಕೈಹಾಕದ ಈ ಮೂರು ಮಳೆಗಾಲದಲ್ಲಿ ಒಮ್ಮೆಯಾದರೂ ಕೆಟ್ಟಿತಾ? ಅವರು ಯೋಚಿಸುತ್ತ ಕೂತರು. ಪಾಟಣಕರ್ ಅವರ ಹೆಂಡತಿ ಮಾತ್ರ ಯೋಚಿಸಲಿಲ್ಲ, ವಿಮಲಾಬಾಯಿ ಹೇಳುವುದು ಖರೆ ಎಂದು ಗಂಡನ ತೋಳು ತಿವಿದರು.

ಆಮೇಲೆ ಹೆಗ್ಡೆಯವರ ಕಡೆ ತಿರುಗಿದೆ. ಅವರಿಗೆ ಪಂಪಿನ ಲೆಕ್ಕ ಸಾಲದು ಎಂದು ನನಗೆ ಗೊತ್ತಿತ್ತು.

"ನೀವು ಎರೆದದ್ದು ಕಲ್ಲಿಗೆ, ಹೌದು. ಆದ್ರೆ ಕುಡಿದದ್ದು ಯಾರು? ಮಣ್ಣು. ಒಂದು ತೊಟ್ಟಾದ್ರೂ ಹೊರಗೆ ಹರಿದದ್ದು ನೋಡಿದ್ದೀರಾ? ಇನ್ನು ಗ್ರಾನೈಟ್ ಹಾಕಿಸಿ, ತನು ಎರೀರಿ. ಎಲ್ಲಿಗೆ ಹೋಗ್ತದೆ ಹೇಳಿ? ಗಟಾರಕ್ಕೆ."

ಅವರು ನನ್ನ ಕುರ್ಚಿಯ ಮೇಲಿದ್ದ ಗ್ರಾನೈಟ್ ತುಂಡನ್ನು ತೆಗೆದು, ತಿರುಗಿಸಿ ಮುರುಗಿಸಿ ನೋಡಿದರು. ಮತ್ತೆ ಮಾತಾಡಿದಾಗ ಅವರ ದೊಡ್ಡ ಸ್ವರ ಇರಲಿಲ್ಲ.

"ಊರಿನ ಬನದಲ್ಲಿ ಈಗ ತನು ಪೈಪಿನಲ್ಲಿ ಹೊರಗೆ ಹೋಗ್ತದೆ. ಗೋಡೆ ಹತ್ತಿರ ನಿಂತು ವಾಸನೆ ಬರ್ತದೆ, ನೊಣ ಕೂರ್ತದೆ. ಗ್ರಾನೈಟ್ ಹಾಕಿಸಿದ ವರ್ಷದಿಂದ ಅಮ್ಮ ಬನಕ್ಕೆ ಬರ್ಲಿಲ್ಲ. ಕಾಲುನೋವು ಅಂದ್ರು. ನಾನೂ ಕಾಲುನೋವೇ ಅಂದುಕೊಂಡಿದ್ದೆ."

ಆಮೇಲೆ ಅವರು ಆ ತುಂಡನ್ನು ಒಯ್ದು ತಮ್ಮ ಕಾರಿನ ಡಿಕ್ಕಿಯಲ್ಲಿಟ್ಟು ಬಂದು, ಗ್ರಾನೈಟಿಗೆ ಎತ್ತಿಟ್ಟ ಹಣದಲ್ಲಿ ಗೋಡೆಯುದ್ದಕ್ಕೂ ಪೇವರ್ ಬ್ಲಾಕ್ ಕೀಳಿಸಿ ಮಣ್ಣು ಬಿಡಿಸುತ್ತೇನೆ, ಗಿಡ ಯಾವುದೆಂದು ಲೀಲಾಧರಣ್ಣನೇ ಹೇಳಲಿ ಎಂದರು. ಕಾರುಗಳು ಒಂದಕ್ಕೊಂದು ಒತ್ತಿ ನಿಲ್ಲಲಿ ಎಂದೂ ಸೇರಿಸಿದರು. ಪಾಟಣಕರ್ ಒಪ್ಪಿದರು, ಹೆಂಡತಿ ಪಕ್ಕದಲ್ಲೇ ಇದ್ದರು. ಹೆಗ್ಡೆಯವರು ಹೋಗುವಾಗ ನನ್ನ ಒರಳಿನ ಹತ್ತಿರ ನಿಂತು ಹಿಟ್ಟು ಮುಟ್ಟಿ ನೋಡಿ, ಇನ್ನೂ ಸ್ವಲ್ಪ ನುಣ್ಣಗಾಗಬೇಕು ಎಂದರು. ಅವರ ಸಿಟ್ಟು ಇಳಿದಿತ್ತು.

ಆ ಮಳೆಗಾಲ ಮೊದಲ ದೊಡ್ಡ ಮಳೆಗೆ ನಮ್ಮವರು ಕೊಡೆ ಹಿಡಿದು ಇಳಿದಾಗ ಪಕ್ಕದಲ್ಲಿ ಇನ್ನೊಂದು ಕೊಡೆ ಇತ್ತು. ಗೋಡೆಯ ಬುಡದ ಹೊಸ ಮಣ್ಣಿನಲ್ಲಿ ಹೊಂಗೆ, ಹೊಳೆದಾಸವಾಳದ ಸಸಿಗಳು ನಿಂತಿದ್ದವು. ನೀರು ಬಂದಿತು, ಅವುಗಳ ಕಾಲ ಹತ್ತಿರ ಸ್ವಲ್ಪ ಹೊತ್ತು ನಿಂತಿತು, ಇಳಿಯಿತು. ಎಷ್ಟು ಬೇಗ ಇಳಿಯಿತು ನೋಡಿ ಎಂದು ಹೆಗ್ಡೆಯವರು ನಮ್ಮವರಿಗೇ ಪಾಠ ಹೇಳುತ್ತಿದ್ದರು. ನೆರೆಯ ಸೊಸೈಟಿಯವರೂ ಬಂದು ನೋಡಿ ಹೋದರು.

ಪಂಚಮಿ ಬಂತು. ಗುಂಡು ನಮ್ಮ ಮನೆಯಲ್ಲಿ, ಅರಸಿನ ಎಲೆಯ ಕಡುಬಿಗೆ ಅಕ್ಕಿ ರುಬ್ಬುತ್ತಿತ್ತು. ಕಲ್ಲೇ ಇಲ್ಲದ ಮೇಲೆ ಯಾರು ಬರುತ್ತಾರೆ ಎಂದುಕೊಂಡಿದ್ದೆ. ನಿಶ್ಮಿತಾ ಗ್ಯಾಲರಿಯಿಂದ ಕೂಗಿ, "ಮಮ್ಮಿ, ದೇಖ್ ನಾ," ಎಂದಳು. ಹೆಗ್ಡೆಯವರು ಬರಿಗಾಲಲ್ಲಿ, ತಂಬಿಗೆ ಹಿಡಿದು ಅತ್ತಿಮರದ ಕೆಳಗೆ ನಿಂತಿದ್ದರು. ಹಿಂದೆ ಎಂದಿನ ಸಾಲು. ನಾನು ಹಿಟ್ಟಿನ ಕೈ ಒರೆಸಿಕೊಂಡು ಹೊರಗೆ ಬಂದೆ.

ಎಲ್ಲಿಗೆ ಎರೆಯುವುದೆಂದು ಅವರು ಒಂದು ಕ್ಷಣ ನೋಡಿದರು. ಕಲ್ಲು ಕಿತ್ತ ಕುಳಿ ಎಲೆ ಬಿದ್ದು ಅರ್ಧ ಮುಚ್ಚಿತ್ತು. ಅಲ್ಲಿಗೇ ಬಗ್ಗಿ ಹಾಲು ಎರೆದರು. ಬಿಳಿ ಬಣ್ಣ ಎಲೆಗಳ ಸಂದಿಯಲ್ಲಿ ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಮಣ್ಣಿನೊಳಗೆ ಹೋಯಿತು. ನಾನು ಚಪ್ಪಲಿ ಕಳಚಿ ಸಾಲಿನ ಕೊನೆಗೆ ನಿಂತೆ. ನನ್ನ ಸರದಿ ಬಂದಾಗ ಬರೀ ನೆಲ ನೋಡುತ್ತ ಕೈಮುಗಿದೆ. ಕೈ ತಾನಾಗಿಯೇ ಎದ್ದಿತು.

ಪಕ್ಕದಲ್ಲಿ ನಮ್ಮವರು ಮೆಲ್ಲಗೆ, "ಗುಂಡು ಮನೆಯಲ್ಲುಂಟಲ್ಲ ಮಾರಾಯ್ತಿ," ಎಂದರು.

"ಗೊತ್ತುಂಟು," ಎಂದೆ.